ಗಡ್ಡದ ಮೇಲೆ ಕೂರದ ಮಾಸ್ಕ್

ನನ್ನ ಗಂಡನಿಗೆ ಕಿಡ್ನಿ ಕೊಟ್ಟವರು ನನ್ನ ಅತ್ತೆ. ನನ್ನ ರಕ್ತದ ಗುಂಪು ಹೊಂದಲಿಲ್ಲ, ಅವರದು ಹೊಂದಿತು. "ಇನ್ನೊಂದ್ಸಲ ಹೆತ್ತೆ ಅಂದ್ಕೋತೀನಿ ಬಿಡು" ಎಂದು ಹೇಳಿ ಆಪರೇಷನ್ನಿಗೆ ಒಪ್ಪಿಬಿಟ್ಟರು. ಆಸ್ಪತ್ರೆಗೆ ಸೇರುವ ಮುನ್ನ ಮನೆದೇವರಿಗೆ ಹರಕೆಯನ್ನೂ ಹೊತ್ತರು. ಮಗ ಎದ್ದು ಓಡಾಡುವಂತಾದರೆ ಬೆಟ್ಟಕ್ಕೆ ಕರೆದುಕೊಂಡು ಬಂದು ಮುಡಿ ಕೊಡಿಸುತ್ತೇನೆ, ಅಲ್ಲಿಯವರೆಗೆ ಅವನ ತಲೆಗೂ ಗಡ್ಡಕ್ಕೂ ಕತ್ತಿ ತಾಗಿಸುವುದಿಲ್ಲ ಎಂದು.

ಮಗ ಎದ್ದು ಓಡಾಡಿದ. ಬೆಟ್ಟಕ್ಕೆ ಹೋಗಲು ದಿನ ನೋಡುತ್ತಿರುವಾಗಲೇ ಲಾಕ್‌ಡೌನ್ ಬಂತು. ದೇವಸ್ಥಾನದ ಬಾಗಿಲು ಮುಚ್ಚಿತು. ಇವರ ಗಡ್ಡ ಬೆಳೆಯುತ್ತಲೇ ಹೋಯಿತು.

ಚಂದ್ರಾ ಲೇಔಟಿನಲ್ಲಿ ನಮ್ಮದು ಮೊದಲ ಮಹಡಿಯ ಮನೆ. ನಾನು ಗೋವಿಂದರಾಜನಗರದ ಒಂದು ಸಣ್ಣ ಬ್ಯಾಂಕಿನಲ್ಲಿ ಪಾಸ್‌ಬುಕ್ ಕೌಂಟರಿನಲ್ಲಿ ಕೂರುತ್ತಿದ್ದೆ. ಊರೆಲ್ಲ ಮುಚ್ಚಿದ್ದರೂ ಬ್ಯಾಂಕ್ ಮುಚ್ಚಲಿಲ್ಲ. ಬೇರೆಯವರ ಕಿಡ್ನಿಯನ್ನು ದೇಹ ಒಲ್ಲೆ ಎನ್ನದಿರಲೆಂದು ಇವರಿಗೆ ಕೊಡುತ್ತಿದ್ದ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತಿದ್ದವು. ಅತ್ತೆಗೆ ಉಳಿದಿದ್ದುದು ಒಂದೇ ಕಿಡ್ನಿ. ಇಂಥ ಇಬ್ಬರಿರುವ ಮನೆಗೆ ದಿನವೂ ಊರಿನ ಗಾಳಿ ಹೊತ್ತು ಬರುವವಳು ನಾನೊಬ್ಬಳೇ. ಆ ಕಾಲದ ನನ್ನ ಆಯಾಸವೆಲ್ಲ ಅಲ್ಲಿಂದಲೇ ಶುರುವಾಯಿತು ಅನಿಸುತ್ತದೆ.

ಮೊದಲಿಗೆ ಮಾಸ್ಕ್ ಹೊಲಿದವರೂ ಅತ್ತೆಯೇ. ಮದುವೆಗೆ ಮುಂಚೆ ಹೊಲಿಗೆ ಕಲಿತಿದ್ದವರು. ಕಪಾಟಿನಲ್ಲಿ ಹೊಲಿಸದೆ ಉಳಿದಿದ್ದ ಬ್ಲೌಸ್ ಪೀಸುಗಳನ್ನೆಲ್ಲ ತೆಗೆದು, ಒಳಗೆ ಲೈನಿಂಗ್ ಬಟ್ಟೆ ಕೊಟ್ಟು, ಮಡಿಕೆ ಹಾಕಿ ಹೊಲಿದರು. ನನ್ನ ಸೀರೆಗಳಿಗೆ ಹೊಂದುವಂತೆ ಬಣ್ಣ ಆರಿಸಿ ಕೊಟ್ಟರು. ಕೆಳಗಿನ ಮನೆಯವರಿಗೆ, ಹಾಲಿನವನಿಗೆ, ನನ್ನ ಬ್ಯಾಂಕಿನವರಿಗೆಲ್ಲ ಹಂಚಿದರು. ಮಗನಿಗೆಂದು ಮಾತ್ರ ಒಂದು ಸುತ್ತು ದೊಡ್ಡದಾಗಿ, ಗಡ್ಡವೆಲ್ಲ ಒಳಗೆ ಸೇರುವಂತೆ ಹೊಲಿದರು. ಮಗನಿಗೆ ಏನಾದರೂ ಮಾಡುತ್ತಿದ್ದೇನೆಂಬ ನೆಮ್ಮದಿ ಅವರ ಮುಖದಲ್ಲಿ ಕಾಣುತ್ತಿತ್ತು.

ಇವರು ತಪಾಸಣೆಗೆ ಆಗಾಗ ಆಸ್ಪತ್ರೆಗೆ ಹೋಗಲೇಬೇಕಿತ್ತು. ಒಂದು ಸಲ ನಾನೂ ಜೊತೆಗೆ ಹೋಗಿದ್ದಾಗ ಡಾಕ್ಟರು ರಕ್ತದ ರಿಪೋರ್ಟ್ ನೋಡುವ ಮೊದಲು ಇವರ ಮುಖ ನೋಡಿದರು. ಆಕೆ ನನಗಿಂತ ಚಿಕ್ಕವರು. ಕಣ್ಣ ಕೆಳಗೆ, ಮೂಗಿನ ಎರಡೂ ಬದಿಗೆ ಮಾಸ್ಕ್ ಒತ್ತಿದ ಗೆರೆ ಬಿದ್ದಿತ್ತು.

"ಈ ಮಾಸ್ಕ್ ಎಲ್ಲಿ ತಗೊಂಡ್ರಿ?"

"ಅಮ್ಮ ಹೊಲಿದಿದ್ದು ಮೇಡಂ" ಎಂದರು ಇವರು, ಸ್ವಲ್ಪ ಹೆಮ್ಮೆಯಿಂದಲೇ.

"ಚೆನ್ನಾಗಿ ಹೊಲ್ದಿದಾರೆ. ಆದ್ರೆ ನಿಮಗೆ ಇದು ಸಾಲಲ್ಲ. ನಿಮಗೆ ಎನ್-95 ಬೇಕು." ಡ್ರಾಯರಿನಿಂದ ಒಂದನ್ನು ತೆಗೆದು ಕೊಟ್ಟರು. ಎರಡು ಪಟ್ಟಿಗಳು ಕಿವಿಗಲ್ಲ, ತಲೆಯ ಹಿಂದಕ್ಕೆ ಬರುವಂಥದ್ದು. ಇವರು ಹಾಕಿಕೊಂಡರು. "ಈಗ ಜೋರಾಗಿ ಉಸಿರು ಬಿಡಿ. ಮೇಡಂ, ನೀವು ಅವರ ಕೆನ್ನೆ ಪಕ್ಕ ಕೈ ಇಟ್ಟು ನೋಡಿ."

ಇಟ್ಟೆ. ಗಡ್ಡದ ಎಳೆಗಳ ನಡುವಿನಿಂದ ಬೆಚ್ಚಗಿನ ಗಾಳಿ ನನ್ನ ಬೆರಳಿಗೆ ತಾಗಿತು.

"ಗಾಳಿ ಬರ್ತಾ ಇದೆಯಾ?"

"ಬರ್ತಾ ಇದೆ."

"ಹೊರಗೆ ಬರೋ ದಾರೀಲೇ ಒಳಗೂ ಹೋಗತ್ತೆ. ಅಂಚು ಚರ್ಮಕ್ಕೆ ಕೂತ್ರೆ ತಾನೇ ಮಾಸ್ಕ್? ಗಡ್ಡ ಇದ್ರೆ ಎಂಥ ಮಾಸ್ಕ್ ಹಾಕಿದ್ರೂ ಪ್ರಯೋಜನ ಕಮ್ಮಿ. ತೆಗೆಸ್ಬಿಡಿ."

ಇವರು ನನ್ನ ಮುಖ ನೋಡಿದರು. ಹರಕೆಯ ವಿಷಯ ಹೇಳಿದೆ. ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. "ನಮ್ಮನೇಲೂ ಇವೆಲ್ಲ ಇದೆ. ನೀವೇ ಅಮ್ಮನ ಹತ್ರ ಮಾತಾಡಿ" ಎಂದು ರಿಪೋರ್ಟ್ ಕೈಗೆತ್ತಿಕೊಂಡರು.

ಆಟೋದಲ್ಲಿ ವಾಪಸು ಬರುವಾಗ ಇವರು ಹೇಳಿದರು, "ನಾನಂತೂ ಅಮ್ಮಂಗೆ ಹೇಳಲ್ಲ ಕಣೇ. ಹೊಟ್ಟೆ ಕೊಯ್ಸಿಕೊಂಡಿದಾಳೆ ನನಗೋಸ್ಕರ. ನಿನ್ನ ಹರಕೆ ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

ನಾನೂ ಆ ವಾರ ಹೇಳಲಿಲ್ಲ. ಅದರ ಬದಲು ಮಾಸ್ಕ್ ಹುಡುಕತೊಡಗಿದೆ.

ಕೆಲಸ ಮುಗಿಸಿ ಬರುವಾಗ ದಾರಿಯ ಮೆಡಿಕಲ್ ಶಾಪುಗಳಲ್ಲೆಲ್ಲ ವಿಚಾರಿಸುತ್ತಿದ್ದೆ. ಕೆಲವರು ಸ್ಟಾಕ್ ಇಲ್ಲ ಎನ್ನುತ್ತಿದ್ದರು. ಕೆಲವರು ಮುಂಭಾಗದಲ್ಲಿ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯಿದ್ದ ಮಾಸ್ಕ್ ಕೊಡುತ್ತಿದ್ದರು. ಉಸಿರಾಡಲು ಸಲೀಸು ಎಂದು ನಾನೂ ಒಂದು ಕೊಂಡೆ. ಬ್ಯಾಂಕಿಗೆ ಹಾಕಿಕೊಂಡು ಹೋಗಿಬಂದ ಮೇಲೆ ಗೊತ್ತಾಯಿತು, ಆ ಬಿಲ್ಲೆ ನನ್ನ ಉಸಿರನ್ನು ಸೋಸದೆಯೇ ಹೊರಗೆ ಬಿಡುತ್ತದೆ. ಅದರಿಂದ ನನಗೆ ರಕ್ಷಣೆ ಸಿಗಬಹುದು. ಆದರೆ ನನ್ನಿಂದ ಮನೆಯವರನ್ನು ಕಾಯಬೇಕಿತ್ತಲ್ಲ? ಅದನ್ನು ಎತ್ತಿಟ್ಟೆ. ಇನ್ನೊಂದು ಅಂಗಡಿಯಲ್ಲಿ ಕೊಂಡದ್ದು ಕಾಗದದಷ್ಟು ತೆಳ್ಳಗಿತ್ತು, ಮೂಗಿನ ಮೇಲಿನ ತಂತಿ ಒತ್ತಿದರೆ ಮತ್ತೆ ಎದ್ದು ನಿಲ್ಲುತ್ತಿತ್ತು.

"ಒರಿಜಿನಲ್ಲೇ ಮೇಡಂ, ನೋಡಿ, ಮೇಲೆ ಎನ್-95 ಅಂತ ಬರ್ದಿದೆ" ಎಂದ ಅಂಗಡಿಯವನು.

"ಬರ್ದಿರೋದು ಕಾಣ್ತಿದೆ ಅಣ್ಣ. ಮೂಗಿನ ಹತ್ರ ಕೂರ್ತಾನೇ ಇಲ್ವಲ್ಲ."

"ಎಲ್ರೂ ಇದನ್ನೇ ತಗೊಂಡೋಗ್ತಿದಾರೆ ಮೇಡಂ. ನೀವೊಬ್ರೇ ಕಂಪ್ಲೇಂಟ್ ಹೇಳೋದು."

ಕೊನೆಗೆ ವಿಜಯನಗರದಲ್ಲಿ ಆಸ್ಪತ್ರೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಡಾಕ್ಟರು ಕೊಟ್ಟಂಥದ್ದೇ ಸಿಕ್ಕಿತು. ಅದನ್ನು ಹಾಕಿಕೊಂಡು ಕೌಂಟರಿನಲ್ಲಿ ಕೂತ ಮೊದಲ ದಿನ ನನ್ನ ಕನ್ನಡಕಕ್ಕೆ ಮಂಜು ಕಟ್ಟಲಿಲ್ಲ. ಅಲ್ಲಿಯವರೆಗೂ ಮಂಜು ಕಟ್ಟುವುದು ಕನ್ನಡಕದ ತೊಂದರೆಯೆಂದೇ ತಿಳಿದಿದ್ದೆ. ಮೂಗಿನ ಪಕ್ಕದಿಂದ ಸೋರಿದ ಉಸಿರೇ ಗಾಜಿಗೆ ತಾಗುತ್ತಿತ್ತೆಂದು ಆಗ ಹೊಳೆಯಿತು. ಸಂಜೆಯ ಹೊತ್ತಿಗೆ ತಲೆನೋವು ಬಂತು. ಕಿವಿಯ ಹಿಂದೆಯಲ್ಲ, ಪಟ್ಟಿ ಬಿಗಿದ ನೆತ್ತಿಯಲ್ಲಿ. ಗ್ರಾಹಕರು ಮಾಸ್ಕ್ ಕೆಳಗೆಳೆದು, ಗಾಜಿನ ಕಿಂಡಿಗೆ ಬಾಯಿ ತಂದು, "ಎಂಟ್ರಿ ಹಾಕ್ಕೊಡಿ ಮೇಡಂ" ಎನ್ನುತ್ತಿದ್ದರು. ನಾನು ಕುರ್ಚಿಯನ್ನು ಹಿಂದೆ ಸರಿಸುತ್ತಿದ್ದೆ. ಮಾಸ್ಕ್ ಮೇಲೆ ಹಾಕಿ ಎಂದು ದಿನವಿಡೀ ಹೇಳಿ ಹೇಳಿ ಗಂಟಲು ಬಿದ್ದುಹೋಗುತ್ತಿತ್ತು. ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಯಾರೊಂದಿಗೂ ಮಾತು ಬೇಡವಾಗುತ್ತಿತ್ತು.

ಅತ್ತೆಯೊಂದಿಗೆ ನನ್ನ ಮೊದಲ ಜಗಳ ನಡೆದದ್ದು ಬಟ್ಟೆ ಮಾಸ್ಕಿನ ಬಗ್ಗೆ. ಅವರು ಹೊಲಿದದ್ದನ್ನು ನಾನು ಹಾಕಿಕೊಳ್ಳುತ್ತಿಲ್ಲವೆಂದು ಅವರಿಗೆ ತಿಳಿದಿತ್ತು, ಏನೂ ಅಂದಿರಲಿಲ್ಲ. ಒಂದು ಬೆಳಿಗ್ಗೆ ಇವರು ತರಕಾರಿ ಗಾಡಿಯವನನ್ನು ಕರೆಯಲು ಅದೇ ದೊಡ್ಡ ಮಾಸ್ಕ್ ಹಾಕಿಕೊಂಡು ಗೇಟಿನವರೆಗೆ ಹೋಗಿದ್ದರು. ನಾನು ಮೆಟ್ಟಿಲ ಮೇಲಿನಿಂದ ಕೂಗಿದೆ. ಅತ್ತೆ ಅಡುಗೆಮನೆಯಿಂದ ಬಂದರು.

"ನಾನು ಹೊಲಿದಿದ್ದು ಅಷ್ಟು ಕಳಪೆನಾ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ, ಗಡ್ಡದ ವಿಷಯವನ್ನೂ ಸೇರಿಸಿ, ಹೇಳಿಬಿಟ್ಟೆ. ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಡಲಿಲ್ಲ.

"ಕಿಡ್ನಿ ಕೊಟ್ಟಿದ್ದು ನಾನು. ಆದ್ರೆ ಅದು ಅವನ ಮೈಯಲ್ಲಿ ನಿಂತಿದ್ದು ದೇವರ ದಯದಿಂದ. ಈಗ ನಿಮಗೆಲ್ಲ ಅದು ಮರ್ತುಹೋಯ್ತಾ? ಮಾತು ಕೊಟ್ಟಿರೋಳು ನಾನಮ್ಮ. ಏನಾದ್ರೂ ಆದ್ರೆ ಯಾರು ಹೊಣೆ?"

"ಏನೂ ಆಗ್ಬಾರ್ದು ಅಂತಲೇ ಹೇಳ್ತಿರೋದು ಅತ್ತೆ."

"ಸಾಕು" ಎಂದು ಒಳಗೆ ಹೋದರು. ಆಮೇಲೆ ನಮ್ಮ ಮನೆಯಲ್ಲಿ ಊಟಕ್ಕೆ ಬನ್ನಿ, ನೀರು ಬಂತು, ಗ್ಯಾಸ್ ಆಫ್ ಮಾಡಿ ಎಂಬಷ್ಟೇ ಮಾತು ಉಳಿಯಿತು. ಇವರು ಇಬ್ಬರ ಮಧ್ಯೆ ಟಿವಿ ನೋಡುತ್ತ ಕೂರುತ್ತಿದ್ದರು. ನನಗೆ ಇವರ ಮೇಲೂ ಸಿಟ್ಟು ಬರುತ್ತಿತ್ತು. ಸಿಟ್ಟು ತೋರಿಸುವಷ್ಟು ಶಕ್ತಿ ಮಾತ್ರ ಇರಲಿಲ್ಲ.

ಅತ್ತೆಗೂ ತಪಾಸಣೆ ಇರುತ್ತಿತ್ತು. ಕಿಡ್ನಿ ಕೊಟ್ಟವರನ್ನೂ ಆಗಾಗ ನೋಡುತ್ತಾರೆ. ಆ ಸಲ ನಾನು ರಜೆ ಹಾಕಿ ಅವರನ್ನು ಕರೆದುಕೊಂಡು ಹೋದೆ. ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅತ್ತೆಯೇ ಮೊದಲು ಗುರುತು ಹಿಡಿದದ್ದು. ಇವರು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾಗ ಪಕ್ಕದ ಹಾಸಿಗೆಯಲ್ಲಿರುತ್ತಿದ್ದ ಹೆಗ್ಗನಹಳ್ಳಿಯ ಒಬ್ಬರ ಹೆಂಡತಿ. ಕಾಯುವ ಹೊತ್ತಿನಲ್ಲಿ ಇಬ್ಬರೂ ಮನೆಯಿಂದ ತಂದ ತಿಂಡಿ ಹಂಚಿಕೊಂಡು ತಿಂದವರು.

"ಏನಮ್ಮ, ಒಬ್ಳೇ ಬಂದಿದೀಯ? ಯಜಮಾನ್ರು ಒಳಗಿದಾರಾ?"

ಆಕೆ ಇಲ್ಲವೆಂದು ತಲೆಯಾಡಿಸಿದಳು. "ಹೋಗ್ಬಿಟ್ರು ಆಂಟಿ. ಕೊರೋನಾ. ಇನ್ಶೂರೆನ್ಸ್‌ಗೆ ಪೇಪರ್ ಕೇಳಿದ್ರು, ಅದಕ್ಕೆ ಬಂದೆ." ತೊಡೆಯ ಮೇಲಿನ ಫೈಲನ್ನು ಸರಿಮಾಡಿಕೊಳ್ಳುತ್ತ, "ಮನೆಯಿಂದ ಆಚೆಗೇ ಬರ್ತಿರ್ಲಿಲ್ಲ. ಡಯಾಲಿಸಿಸ್‌ಗೆ ಮಾತ್ರ ಬರೋರು" ಎಂದಳು.

ಅತ್ತೆ ಅವಳ ಪಕ್ಕ ಕೂರಲು ಹೋದರು. ಬೆಂಚಿನ ಮೇಲೆ ಇಲ್ಲಿ ಕೂರಬಾರದು ಎಂದು ಟೇಪು ಅಂಟಿಸಿದ್ದರು. ಅದರ ಮುಂದೆಯೇ ನಿಂತು, ಮುಟ್ಟಲೂ ಆಗದೆ, ಸೆರಗಿನ ತುದಿ ಹಿಂಡುತ್ತಿದ್ದರು. ಆಕೆಯ ಮಾಸ್ಕ್ ಕಣ್ಣಿನ ಕೆಳಗೆ ಒದ್ದೆಯಾಗಿತ್ತು. ಅತ್ತೆಯದೂ.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದರು. ಎದ್ದು ಬಂದು ಮಗನಿಗೆ, "ತಾರಸಿಗೆ ನಡಿ, ಸ್ಟೂಲ್ ತಗೋ" ಎಂದರು. ಬಟ್ಟೆ ಕತ್ತರಿಸುವ ಕತ್ತರಿ ಅವರ ಕೈಯಲ್ಲಿತ್ತು.

ನಾನು ಹಿಂದೆಯೇ ಹತ್ತಿದೆ. ಇವರ ಕೊರಳಿಗೆ ಹಳೆಯ ಪಂಚೆ ಸುತ್ತಿ, ಅತ್ತೆ ಗಡ್ಡವನ್ನು ಹಿಡಿಹಿಡಿಯಾಗಿ ಕತ್ತರಿಸಿದರು. ಒಂದೊಂದು ಹಿಡಿಯನ್ನೂ ತಟ್ಟೆಯಲ್ಲಿ ಜೋಪಾನವಾಗಿ ಇಡುತ್ತ ಬಂದರು. ಇವರು ಚಿಕ್ಕ ಮಗುವಿನಂತೆ ಗಲ್ಲ ಎತ್ತಿ ಕೂತಿದ್ದರು.

"ಅಮ್ಮ, ನಿಂಗೆ ಬೇಜಾರಾದ್ರೆ ಬೇಡ."

"ಬೇಜಾರು ಇದ್ದೇ ಇರತ್ತೆ. ಸುಮ್ನೆ ಕೂತ್ಕೋ, ಕಿವಿಗೆ ತಾಗತ್ತೆ." ನನ್ನ ಕಡೆ ತಿರುಗಿ ಕೇಳಿದರು, "ತಲೆಕೂದ್ಲು ಮಾಸ್ಕಿಗೆ ಅಡ್ಡ ಬರಲ್ಲ ತಾನೇ?"

"ಬರಲ್ಲ ಅತ್ತೆ."

"ಹಂಗಾದ್ರೆ ಅದು ದೇವರಿಗೆ ಇರ್ಲಿ. ಗಡ್ಡದ್ದು ನಾನು ಹೇಳ್ಕೊಂಡಿದೀನಿ."

ಕತ್ತರಿಸಿದ ಕೂದಲನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯಲ್ಲಿ, ಒಂದು ನಾಣ್ಯದ ಜೊತೆ ಮುಡಿಪು ಕಟ್ಟಿ ದೇವರ ಪಟದ ಹಿಂದೆ ಇಟ್ಟರು. ಇವರು ಉಳಿದದ್ದನ್ನು ನುಣ್ಣಗೆ ಬೋಳಿಸಿಕೊಂಡು ಬಂದಾಗ ಕೆನ್ನೆ ಎಷ್ಟು ಒಳಗೆ ಹೋಗಿತ್ತೆಂದು ನಮಗಿಬ್ಬರಿಗೂ ಕಂಡಿತು. ಗಡ್ಡ ಅದನ್ನು ಮುಚ್ಚಿಟ್ಟಿತ್ತು. ಮಾಸ್ಕ್ ಹಾಕಿಸಿ, ಉಸಿರು ಬಿಡಿ ಎಂದೆ. ಈ ಸಲ ಕೈಯಿಟ್ಟು ನೋಡಿದವರು ಅತ್ತೆ. "ಬರ್ತಿಲ್ಲ" ಎಂದರು.

ಆಮೇಲೆ ಅತ್ತೆ ತಮಗೂ ಒಂದು ಬೇಕೆಂದರು. ಅವರದು ಪುಟ್ಟ ಮುಖ. ನಮ್ಮ ಮಾಸ್ಕ್ ಗಲ್ಲದ ಕೆಳಗೆ ಬಾಯಿ ತೆರೆದುಕೊಂಡು ನಿಲ್ಲುತ್ತಿತ್ತು. ಮತ್ತೆ ಅಂಗಡಿಗಳು, ಮತ್ತೆ ಅದೇ ಮಾತು. ಚಿಕ್ಕ ಅಳತೆಯದು ಸಿಗುವವರೆಗೆ, ಸರ್ಜಿಕಲ್ ಮಾಸ್ಕಿನ ದಾರವನ್ನು ಅಂಚಿಗೆ ಗಂಟು ಹಾಕಿ, ಪಕ್ಕದ ಸಂದು ಒಳಗೆ ಮಡಚಿ, ಅದರ ಮೇಲೆ ಅವರೇ ಹೊಲಿದ ಬಟ್ಟೆಯದನ್ನು ಒತ್ತಿ ಕಟ್ಟುತ್ತಿದ್ದೆವು. "ಇದಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ" ಎಂದರು ಅತ್ತೆ. ಅವರು ಅಷ್ಟು ಮಾತಾಡಿದ್ದೇ ನನಗೆ ದೊಡ್ಡದಾಗಿತ್ತು.

ಎರಡನೇ ಅಲೆಯಲ್ಲಿ ರೋಗ ಬಂದದ್ದು ನನಗೆ. ಊಟದ ಹೊತ್ತಿನಲ್ಲಿ ಬ್ಯಾಂಕಿನ ಸಣ್ಣ ಕೋಣೆಯಲ್ಲಿ ಎಲ್ಲರೂ ಮಾಸ್ಕ್ ತೆಗೆದು ಡಬ್ಬಿ ಬಿಚ್ಚುತ್ತಿದ್ದೆವು, ಅಲ್ಲಿಂದಲೇ ಇರಬೇಕು. ಮೈ ಬಿಸಿಯೆನಿಸಿದ ಸಂಜೆ ನಾನು ಮನೆಯೊಳಗೆ ಹೋಗಲೇ ಇಲ್ಲ. ಹಾಗೇ ತಾರಸಿಯ ಕೋಣೆಗೆ ಹತ್ತಿಹೋಗಿ ಫೋನ್ ಮಾಡಿದೆ. ಬಾಗಿಲು ಹಾಕಿಕೊಂಡು ಮಾಸ್ಕ್ ತೆಗೆದೆ. ಜ್ವರವಿತ್ತು, ಹೆದರಿಕೆಯೂ ಇತ್ತು. ಆದರೂ ಇನ್ನು ಕೆಲವು ದಿನ ಯಾರನ್ನೂ ಕಾಯಬೇಕಿಲ್ಲ, ಯಾರಿಗೂ ಮೂಗು ಮುಚ್ಚಿ ಎಂದು ಹೇಳಬೇಕಿಲ್ಲ ಎಂಬ ಯೋಚನೆ ಬಂದು, ಎಷ್ಟೋ ತಿಂಗಳ ನಂತರ ಚೆನ್ನಾಗಿ ನಿದ್ದೆ ಮಾಡಿದೆ. ಅತ್ತೆ ತಮ್ಮ ಚಿಕ್ಕ ಅಳತೆಯ ಮಾಸ್ಕ್ ಹಾಕಿಕೊಂಡು ಮೆಟ್ಟಿಲ ಮೇಲೆ ಗಂಜಿ ಇಟ್ಟು, ಕೆಳಗಿನಿಂದ ಕೂಗುತ್ತಿದ್ದರು. "ಉಪ್ಪಿನಕಾಯಿ ವಾಸನೆ ಗೊತ್ತಾಗ್ತಿದೆಯೇನೇ?" ಗೊತ್ತಾಗುತ್ತಿರಲಿಲ್ಲ. ಗೊತ್ತಾಗ್ತಿದೆ ಎನ್ನುತ್ತಿದ್ದೆ.

ಇಬ್ಬರಿಗೂ ಪರೀಕ್ಷೆ ಮಾಡಿಸಿದಾಗ ಏನೂ ಇರಲಿಲ್ಲ. ಮಾಸ್ಕಿನಿಂದಲೋ, ನಾನು ಒಳಗೆ ಕಾಲಿಡದ್ದರಿಂದಲೋ, ಅತ್ತೆಯ ದೇವರಿಂದಲೋ. ಅತ್ತೆಯೊಂದಿಗೆ ಆ ವಾದಕ್ಕೆ ನಾನು ಹೋಗಲಿಲ್ಲ. ಬೆಟ್ಟದ ಬಾಗಿಲು ತೆರೆದು ಜನಜಂಗುಳಿ ಕಡಿಮೆಯಾದ ಮೇಲೆ ಮೂವರೂ ಹೋಗಿ, ಮುಡಿಪನ್ನೂ ತಲೆಯ ಮುಡಿಯನ್ನೂ ಒಟ್ಟಿಗೇ ಒಪ್ಪಿಸಿ ಬಂದೆವು.

ಈಗ ಊರು ಅದನ್ನೆಲ್ಲ ಮರೆತಿದೆ. ಇವರ ಮಾತ್ರೆಗಳು ನಿಂತಿಲ್ಲ, ನಿಲ್ಲುವುದೂ ಇಲ್ಲ. ಮೆಟ್ರೋದಲ್ಲಿ, ಆಸ್ಪತ್ರೆಯಲ್ಲಿ, ಯಾರಾದರೂ ಕೆಮ್ಮುವ ಕಡೆಯಲ್ಲಿ ಇವರು ಇನ್ನೂ ಮಾಸ್ಕ್ ಹಾಕುತ್ತಾರೆ. "ಇನ್ನೂನಾ ಸಾರ್?" ಎಂದು ಜನ ನಗುತ್ತಾರೆ. ಮೊದಮೊದಲು ವಿವರಿಸುತ್ತಿದ್ದೆವು. ಈಗ ನಾವೂ ನಕ್ಕು ಸುಮ್ಮನಾಗುತ್ತೇವೆ.

ಮೊನ್ನೆ ರಾಜಾಜಿನಗರದ ಕಲ್ಯಾಣ ಮಂಟಪದಲ್ಲಿ ನನ್ನ ಅಣ್ಣನ ಮಗಳ ಮದುವೆಯಿತ್ತು. ವೇದಿಕೆ ಹತ್ತಿದಾಗ ಫೋಟೋದವನು, "ಸಾರ್, ಮಾಸ್ಕ್ ತೆಗೀರಿ, ಒಂದ್ನಿಮಿಷ" ಎಂದ. ಇವರು ತೆಗೆದು ಜೇಬಿಗೆ ಹಾಕಿಕೊಂಡರು. ಕೆಳಗೆ ಇಳಿದ ಮೇಲೂ ಹಾಕಿಕೊಳ್ಳಲಿಲ್ಲ. ಯಾರೋ ಹಳೆಯ ಸ್ನೇಹಿತರು ಸಿಕ್ಕಿ, ಹೆಗಲಿಗೆ ಹೆಗಲು ತಾಗಿಸಿ ಕೂತು, ಜೋರಾಗಿ ನಗುತ್ತ ಮಾತಿಗೆ ತೊಡಗಿದರು. ನಾನು ಹೆಂಗಸರ ಸಾಲಿನಲ್ಲಿ ಅತ್ತೆಯ ಪಕ್ಕ ಕೂತು ನೋಡುತ್ತಿದ್ದೆ. ಎದ್ದು ಹೋಗಿ ಹೇಳಬೇಕಿತ್ತು. ಅತ್ತೆಯೂ ನೋಡುತ್ತಿದ್ದರು. ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಇವತ್ತೊಂದಿನ ಬಿಡೇ, ನಗ್ಲಿ" ಎಂದರು.

ಬಿಟ್ಟೆ. ಆಮೇಲೆ ಒಂದಷ್ಟು ದಿನ ಬೆಳಿಗ್ಗೆ ಇವರು ಏಳುವ ಮೊದಲೇ ಹಣೆ ಮುಟ್ಟಿ ನೋಡುತ್ತಿದ್ದೆ. ಜ್ವರ ಬರಲಿಲ್ಲ. ಒಂದು ಬೆಳಿಗ್ಗೆ ಇವರು ಕಣ್ಣು ಮುಚ್ಚಿಕೊಂಡೇ, "ಸರಿಯಾಗಿದೀನಿ ಕಣೇ, ನೀನೂ ಸ್ವಲ್ಪ ಮಲಕ್ಕೋ" ಎಂದರು. ನಾನು ಹಾಲು ಬಂದಿದೆಯೇ ನೋಡಲು ಕೆಳಗೆ ಹೋದೆ.