ಬಾವುಟದೆದುರು ಕೂತವಳು

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ನಾನು ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಹಾಜರಿ, ಕೂಲಿಯ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಐದಕ್ಕೆ ಏಳುವುದು, ಆರೂವರೆಗೆ ಅಂಗಳದಲ್ಲಿ ಹಾಜರಿ. ನಾನು ಒಮ್ಮೆ ಸೀಟಿ ಊದಿದರೆ ಕೂಲಿಮನೆಗಳ ಲೈನಿನ ಆಳುಗಳೆಲ್ಲ ಸಾಲಾಗಿ ಕುಕ್ಕರುಗಾಲಲ್ಲಿ ಕೂರಬೇಕು. ಕೂತವರನ್ನು ಎಣಿಸುವುದು ಸುಲಭ; ನಿಂತವರು ಅತ್ತಿತ್ತ ಅಲೆಯುತ್ತಾರೆ. ಈ ಶಿಸ್ತು ಕಲಿಸಲು ಎರಡು ವರ್ಷ ಹಿಡಿದಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಮ್ಮ ಮ್ಯಾನೇಜರರ ದೇಶಭಕ್ತಿ ಆಗಿನ್ನೂ ಹೊಸ ಬೂಟಿನಂತೆ ಕಿರುಗುಟ್ಟುತ್ತಿತ್ತು. ಕೆಲವೇ ವರ್ಷಗಳ ಹಿಂದೆ ಬಂಗಲೆಯೆದುರಿನ ಕಂಬದಲ್ಲಿ ಬ್ರಿಟಿಷರ ಬಾವುಟ ಹಾರಿದಾಗಲೂ ಅವರು ಅಷ್ಟೇ ಸೆಟೆದು ನಿಂತಿದ್ದರು. ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಆಳುಗಳೆಲ್ಲ ಅದೇ ಕಂಬದೆದುರು ಸೇರಬೇಕೆಂದು ಅಪ್ಪಣೆಯಾಯಿತು. ಬಾವುಟ ಅರಳಿತು. ನನಗೆ ಶಾಲೆಯ ಡ್ರಿಲ್ ನೆನಪಾಗಿ, ಎಲ್ಲರೂ ನೆಟ್ಟಗೆ ನಿಲ್ಲಲಿ ಎಂದು ಸೀಟಿ ಊದಿದೆ.

ಅಷ್ಟೂ ಜನ ಧಪ್ಪನೆ ಕೂತರು.

ಮೊದಲು ಕೂತವಳು ಮುಂದಿನ ಸಾಲಿನ ಮುದುಕಿ, ಹಾಸನದ ಕಡೆಯವಳು. ಹಿಂದಿನ ಮಳೆಗಾಲವಿಡೀ ತನ್ನ ಕೋಣೆಯ ಮಾಡು ಸೋರುತ್ತದೆಂದು ಮ್ಯಾನೇಜರರನ್ನು ಕಾಡಿದ್ದಳು. ಅವರಿಗೆ ಅಷ್ಟೇ ಸಾಕಾಯಿತು.

“ಇವಳೇ ಎಲ್ಲರನ್ನೂ ಕೂರಿಸಿದ್ದು! ದೇಶಕ್ಕೆ ಅವಮಾನ. ಸಂಜೆಯೊಳಗೆ ಲೈನ್ ಖಾಲಿ ಮಾಡ್ಲಿ.”

“ನಂಗೂ ಬಾವುಟಕ್ಕೂ ಏನ್ ಜಗಳ ದೊರೆ?” ಎಂದಳು ಮುದುಕಿ, ಕೂತಲ್ಲಿಂದಲೇ. “ನನ್ ಜಗಳ ಇರೋದು ನಿಮ್ ಹೆಂಚಿನ್ ಜೊತೆ. ಖಾಲಿ ಮಾಡಿ ಎಲ್ಲಿಗ್ ಹೋಗ್ಲಿ? ಊರಲ್ ಯಾರವ್ರೆ ನಂಗೆ?”

ನಾನು ಮುಂದೆ ಬಂದೆ. “ಸರ್, ತಪ್ಪು ನನ್ನದು. ಸೀಟಿ ಊದಿದ್ರೆ ಕೂರೋದು ಇವರ ರೂಢಿ.”

“ರೈಟ್ರೇ, ನೀವೂ ಇವಳ ಕಡೇನಾ?”

“ನಾನು ಹಾಜರಿ ಕಡೆ ಸರ್.”

ಅವರು ನಂಬಲಿಲ್ಲ. ಎಲ್ಲರನ್ನೂ ಎಬ್ಬಿಸಿ ಮತ್ತೆ ಊದಿದೆ. ಮತ್ತೆ ಎಲ್ಲರೂ ಕೂತರು. ಈ ಸಲ ಮ್ಯಾನೇಜರರ ಹಿಂದೆ ಸೆಲ್ಯೂಟ್ ಹೊಡೆದು ನಿಂತಿದ್ದ ಆಳುಗಳ ಮೇಸ್ತ್ರಿಯೂ ಕೂತುಬಿಟ್ಟ. ಕೈ ಮಾತ್ರ ಹಣೆಯ ಮೇಲೆಯೇ ಇತ್ತು.

“ಹೊರಗೆ ಹಾಕೋದಾದ್ರೆ ಎಲ್ಲರನ್ನೂ ಹಾಕ್ಬೇಕಾಗುತ್ತೆ ಸರ್,” ಎಂದೆ. “ಹಣ್ಣು ಇನ್ನೂ ಗಿಡದಲ್ಲೇ ಇದೆ.”

ಮ್ಯಾನೇಜರರು ಬಾವುಟ ನೋಡಿದರು. ಕೆಂಪಗೆ ಹಣ್ಣಾಗಿದ್ದ ಕಾಫಿ ನೋಡಿದರು. “ಅವಳೂ ಇರ್ಲಿ. ಎಲ್ಲರನ್ನೂ ಪಿಕಿಂಗಿಗೆ ಕಳ್ಸಿ,” ಎಂದು ಬಂಗಲೆಯೊಳಗೆ ಹೋದರು. ರಾಷ್ಟ್ರಗೀತೆ ಹಾಡುವುದು ಯಾರಿಗೂ ನೆನಪಾಗಲಿಲ್ಲ.

ಮುದುಕಿ ಸೊಂಟಕ್ಕೆ ಬುಟ್ಟಿ ಕಟ್ಟಿಕೊಳ್ಳುತ್ತ ನನ್ನ ಬಳಿ ಬಂದಳು. ಕೃತಜ್ಞತೆ ಹೇಳಲು ಬಂದಳೆಂದು ನಾನು ಮುಖವನ್ನು ಅದಕ್ಕೆ ತಕ್ಕಂತೆ ಸಿದ್ಧಮಾಡಿಕೊಂಡೆ.

“ರೈಟ್ರೇ, ನಾನು ಬೇಕೂಂತ್ಲೇ ಕೂತಿದ್ರೆ?”

“ಆಂ?”

“ಸೀಟಿ ಇಲ್ದೆ. ಕಾಲ್ ನೋಯ್ತದೆ ಅಂತಾನೋ, ಮಾಡು ಸೋರ್ತದೆ ಅಂತಾನೋ ನಾನಾಗೇ ಕೂತಿದ್ರೆ, ಆಗ ಏನ್ ಹೇಳ್ತಿದ್ರಿ?”

ಗಡಿಯಾರ ನೋಡಿದೆ. ಏಳೂಕಾಲು.

“ಹೊತ್ತಾಯ್ತು, ಸಾಲಿಗೆ ಹೋಗಜ್ಜಿ,” ಎಂದೆ.