ಎಲೆ ಹಿಡಿಸಿದ ಮೇಲೆ

ನಮ್ಮೂರಿನ ಬಸ್‌ಸ್ಟಾಪಿನಲ್ಲಿ ಅಕ್ಕನದೊಂದು ತಗಡಿನ ಅಂಗಡಿ ಇತ್ತು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸು ಅದರ ಮುಂದೆ ನಿಂತೇ ಮುಂದಕ್ಕೆ ಹೋಗುತ್ತಿತ್ತು. ಬೀಡಿ, ಬಿಸ್ಕತ್ತು, ಬಾಳೆಹಣ್ಣು, ತೂಗುಹಾಕಿದ ಶಾಂಪೂ ಪಟ್ಟಿ, ಅಷ್ಟೇ ವ್ಯಾಪಾರ. ಅಂಥ ಅಂಗಡಿಗೆ ಒಂದು ದಿನ ಕೂಲ್‌ಡ್ರಿಂಕ್ಸ್ ಕಂಪನಿಯವರು ಗಾಜಿನ ಬಾಗಿಲಿನ ಫ್ರಿಡ್ಜ್ ತಂದು ಇಳಿಸಿದರು. ಪುಕ್ಕಟೆ. ಅವರ ಬಾಟಲಿಯನ್ನೇ ಇಡಬೇಕು, ತಿಂಗಳಿಗೆ ಇಷ್ಟು ಕ್ರೇಟು ಹೋಗಬೇಕು, ಬೇರೆ ಯಾವ ಸಾಮಾನನ್ನೂ ಒಳಗಿಡಬಾರದು ಎನ್ನುವುದು ಕರಾರು.

ಕೊನೆಯದನ್ನು ಅಕ್ಕ ಒಂದು ದಿನವೂ ಪಾಲಿಸಲಿಲ್ಲ. ಹಬ್ಬದ ಹಿಂದಿನ ದಿನ ಅರ್ಧ ಊರಿನ ಹೂವು ಅದರೊಳಗೆ ಇರುತ್ತಿತ್ತು. ಯಾರದೋ ಮೊಸರು, ಯಾರದೋ ದೋಸೆ ಹಿಟ್ಟು. ಕಂಪನಿಯ ವ್ಯಾನು ತಿರುವಿನಲ್ಲಿ ಕಂಡ ಕೂಡಲೇ ಎಲ್ಲ ಗಲ್ಲಾದ ಕೆಳಗೆ ಹೋಗುತ್ತಿತ್ತು. ವ್ಯಾನಿನವನು ಮೂಗೆಳೆದು, ನಿಮ್ಮ ಕೂಲ್‌ಡ್ರಿಂಕ್ಸ್ ಮಲ್ಲಿಗೆ ವಾಸನೆ ಹೊಡೀತಾವಲ್ಲ ಅಕ್ಕಾರೆ ಎಂದು ಸುಮ್ಮನಾಗುತ್ತಿದ್ದ. ಆದರೆ ಕೆಳಗಿನ ಸಾಲಿನ ಮೂಲೆಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಅವಳು ಯಾವತ್ತೂ ತೆಗೆಯುತ್ತಿರಲಿಲ್ಲ. ಅದರಲ್ಲಿ ಅವಳ ಇನ್ಸುಲಿನ್ ಇರುತ್ತಿತ್ತು. ಮನೆಯಲ್ಲಿ ಫ್ರಿಡ್ಜ್ ಇರಲಿಲ್ಲ. ದಿನಕ್ಕೆ ಎರಡು ಸಲ ಚುಚ್ಚಿಕೊಂಡರೆ ಮಾತ್ರ ಅವಳ ಸಕ್ಕರೆ ಹತೋಟಿಯಲ್ಲಿ ಇರುತ್ತಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲನೆಯವನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು. ಅಕ್ಕ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಶೇಂಗಾ ಬಿಡಿಸಲು ಹೋದಳು, ನಾನು ಸಿರಿಗೆರೆಯ ಹಾಸ್ಟೆಲಿಗೆ ಹೋದೆ, ಆಮೇಲೆ ದುರ್ಗದಲ್ಲಿ ಕಾಲೇಜು. ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ ಬಂದು ಅಂಗಡಿ ಇಟ್ಟಳು. ಆ ಹೊತ್ತಿಗೆ ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ಊರಿಗೆ ಹೋದರೆ ಜಗಲಿಯ ಮೇಲಿದ್ದವರು ಜರುಗಿ ಜಾಗ ಕೊಡುತ್ತಿದ್ದರು. ಆ ಜಾಗ ನನಗೆ ಇಷ್ಟವಾಗುತ್ತಿತ್ತು.

ಸ್ಟಾಫ್‌ರೂಮಿನಲ್ಲಿ ಒಂದು ದಿನ ಪೇಪರಿನಲ್ಲಿ ಕೆನಡಾದ ಸುದ್ದಿ ಓದಿದೆ. ಪಕ್ಕದ ದೊಡ್ಡ ದೇಶ ಅವರ ಸರಕಿನ ಮೇಲೆ ಸುಂಕ ಹಾಕಿತಂತೆ. ಅಲ್ಲಿನ ಸಾಧಾರಣ ಜನ ಅಂಗಡಿಯಲ್ಲಿ ಒಂದೊಂದು ಡಬ್ಬಿಯನ್ನೂ ತಿರುಗಿಸಿ, ಎಲ್ಲಿಯದು ಎಂದು ಓದಿ, ಆ ದೇಶದ್ದಾದರೆ ಇದ್ದಲ್ಲೇ ಇಟ್ಟು ಬರುತ್ತಿದ್ದರಂತೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಓದಿ ನನ್ನ ಮೈ ಜುಮ್ಮೆಂದಿತು. ಕೆಲವು ತಿಂಗಳಲ್ಲಿ ಅದೇ ದೇಶ ನಮ್ಮ ಮೇಲೂ ಸುಂಕ ಹಾಕಿತು. ಹಿರಿಯೂರಿನಲ್ಲಿ ರೂಮು ಮಾಡಿಕೊಂಡು ಗಾರ್ಮೆಂಟ್ಸಿಗೆ ಹೋಗುತ್ತಿದ್ದ ನಮ್ಮೂರಿನ ಹೆಣ್ಣುಮಕ್ಕಳು ಆರ್ಡರ್ ಇಲ್ಲವೆಂದು ಬ್ಯಾಗು ಹಿಡಿದು ಬಸ್ಸಿಳಿದರು.

ಆಗಸ್ಟ್ ಹದಿನೈದಕ್ಕೆ ಊರಿನ ಗುಡಿ ಮುಂದೆ ಬಾವುಟ ಹಾರಿಸಿದ ಮೇಲೆ ನನ್ನನ್ನು ಮಾತಾಡಲು ಕರೆದರು. ನಾನು ಕೆನಡಾದ ಕಥೆ ಹೇಳಿದೆ. ಬಸ್ಸಿಳಿದು ಬಂದ ಹೆಣ್ಣುಮಕ್ಕಳನ್ನು ತೋರಿಸಿದೆ. ಪೊಟ್ಟಣದ ಮೇಲೆ ಎಲ್ಲಿ ಏನು ಬರೆದಿರುತ್ತದೆ ಎಂದು ಒಂದು ಸೋಪಿನ ಕವರು ಎತ್ತಿ ಹಿಡಿದು ಪಾಠ ಮಾಡಿದೆ. ಚಪ್ಪಾಳೆ ಬಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಎಲೆ ಹಿಡಿಸೋಣ ಎಂದೆ.

ನಮ್ಮ ಕಡೆ ಬಾಯಿಮಾತಿಗೆ ಬೆಲೆ ಕಡಿಮೆ, ಎಲೆಗೆ ಜಾಸ್ತಿ. ಗುಡಿ ಮುಂದೆ ನಿಲ್ಲಿಸಿ ಎರಡು ವೀಳ್ಯದೆಲೆ, ಒಂದು ಅಡಿಕೆ ಕೈಗೆ ಕೊಡುತ್ತಾರೆ. ತಗೊಂಡರೆ ಮಾತು ಕೊಟ್ಟ ಹಾಗೆ. ಬಿಡಿಸಿಕೊಳ್ಳಬೇಕಾದರೆ ತಗೊಂಡವರು ಅದೇ ಜಾಗದಲ್ಲಿ ನಿಂತು, ಕೊಟ್ಟವನ ಕೈಗೇ ಎಲೆ, ಹೊಸದಾದರೂ ಸರಿ, ವಾಪಸ್ ಇಡಬೇಕು. ಜಮೀನಿನ ಜಗಳಕ್ಕೆ, ಕುಡಿತ ಬಿಡಿಸುವುದಕ್ಕೆ ಇದ್ದ ಪದ್ಧತಿ ಇದು. ನಾನು ಕೂಲ್‌ಡ್ರಿಂಕ್ಸಿಗೆ ತಂದೆ. ಆ ದೇಶದ ಸಾಮಾನು ಕೊಳ್ಳುವುದಿಲ್ಲ, ಮಾರುವುದಿಲ್ಲ, ಇಷ್ಟೇ ಮಾತು.

ಗುಡಿಯ ಯಜಮಾನರು ವಯಸ್ಸಾದವರು. ಅವರು ನನ್ನನ್ನು ಪಕ್ಕಕ್ಕೆ ಕರೆದು, ಯಾವತ್ತಿನವರೆಗೆ ಅಂತ ಒಂದು ಗಡುವು ಹಾಕಪ್ಪ, ಗಡುವಿಲ್ಲದ ಎಲೆ ಒಳ್ಳೇದಲ್ಲ ಎಂದರು. ಜಗಳ ಮುಗಿಯುವವರೆಗೆ ಎಂದೆ. ಅದು ಮುಗೀತು ಅಂತ ನಮಗೆ ಬಂದು ಹೇಳೋರು ಯಾರು ಎಂದು ಕೇಳಿದರು. ನಾನು ನಕ್ಕೆ.

ಯಾರೂ ಮೊದಲು ಮುಂದೆ ಬರಲಿಲ್ಲ. ಮೇಷ್ಟ್ರ ಮಾತು ಚೆಂದ ಐತೆ, ಮೇಷ್ಟ್ರ ಅಕ್ಕನೇ ಮೊದಲು ತಗಳ್ಳಿ ಎಂದು ಹಿಂದಿನಿಂದ ಯಾರೋ ಚುಚ್ಚಿದರು. ಅಕ್ಕ ಸೆರಗು ತಲೆಗೆಳೆದುಕೊಂಡು ಬಂದು ಕೈ ಒಡ್ಡಿದಳು. ಅವಳ ಮುಖದಲ್ಲಿ ಅನುಮಾನ ಇರಲಿಲ್ಲ. ನಾನು ಮೊದಲ ಸಲ ಫಸ್ಟ್ ಕ್ಲಾಸ್ ಬಂದಾಗ ಇದ್ದಂಥ ಮುಖವೇ ಅದು. ಅವಳ ಹಿಂದೆ ಊರೆಲ್ಲ ಬಂತು.

ಫ್ರಿಡ್ಜಿನ ಕಂಪನಿಯೂ ಆ ದೇಶದ್ದೇ; ಮಾರನೆಯ ದಿನ ಅವಳು ಬಾಟಲಿಗಳನ್ನೆಲ್ಲ ಹೊರಗೆ ತೆಗೆದಿಟ್ಟಳು. ಮೊದಲನೆಯ ತಿಂಗಳು ವ್ಯಾನಿನವನು ತಮಾಷೆ ಮಾಡಿದ. ಎರಡನೆಯ ತಿಂಗಳು, ನನಗೆ ಮೇಲಿನಿಂದ ಫೋನ್ ಬರ್ತಾವೆ, ನಾಲ್ಕು ಕ್ರೇಟಾದರೂ ಇಳಿಸಿಕೊಳ್ಳ್ರಿ ಎಂದು ಕೈ ಮುಗಿದ. ಅವನೂ ನಮ್ಮ ಸೀಮೆಯವನೇ, ಹಿರೇಗುಂಟನೂರಿನ ಕಡೆಯವನು. ಮೂರನೆಯ ತಿಂಗಳು ಫ್ರಿಡ್ಜ್ ಹೊತ್ತೊಯ್ಯಲು ಇಬ್ಬರು ಹಮಾಲರನ್ನು ಕರೆದುಕೊಂಡು ಬಂದ. ಆವತ್ತು ಭಾನುವಾರ, ನಾನೂ ಅಲ್ಲಿದ್ದೆ.

"ತಪ್ಪು ತಿಳ್ಕಾಬ್ಯಾಡ್ರಿ ಅಕ್ಕಾರೆ. ನನ್ನ ಕೈಯಾಗೆ ಏನೂ ಇಲ್ಲ," ಎಂದ. ಸ್ಟೀಲ್ ಡಬ್ಬಿಯನ್ನು ತಾನೇ ತೆಗೆದು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಹೊಸ ಫ್ರಿಡ್ಜ್ ತರುತ್ತೇನೆ ಎಂದೆ. ಅಕ್ಕ, ನನಗೊಬ್ಬಳಿಗೆ ಯಾಕೆ, ಮಡಕೆ ಸಾಕು ಬಿಡು ಎಂದಳು. ಅವಳು ಬೇಡ ಎಂದದ್ದು ನನಗೆ ಅನುಕೂಲವಾಯಿತು. ಈಗ ಬರೆಯುವಾಗ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಬಾಡಿಗೆ ಮನೆಯಲ್ಲಿ ಫ್ರಿಡ್ಜ್ ಇತ್ತು. ಅದರಲ್ಲಿ ಕೊತ್ತಂಬರಿ ಸೊಪ್ಪು ವಾರಗಟ್ಟಲೆ ಹಸಿರಾಗಿರುತ್ತಿತ್ತು.

ಚಳಿಗಾಲ ಹೇಗೋ ಕಳೆಯಿತು. ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ಡಬ್ಬಿ ಇಡುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ನಮ್ಮ ಸೀಮೆಯ ಬಿಸಿಲು ಸುರುವಾಯಿತು. ಬೆಳಗ್ಗೆಯಿಂದ ಸಂಜೆವರೆಗೆ ತಗಡಿನ ಕೆಳಗೆ ಅವಳೂ, ಅವಳ ಮಡಕೆಯೂ. ಒಳಗಿನ ನೀರು ಮಧ್ಯಾಹ್ನಕ್ಕೆ ಸ್ನಾನಕ್ಕಾಗುವಷ್ಟು ಬೆಚ್ಚಗಾಗುತ್ತಿತ್ತು. ಅವಳು ಮಾತ್ರ ತಪ್ಪದೆ ಚುಚ್ಚಿಕೊಳ್ಳುತ್ತಿದ್ದಳು. ಚಪ್ಪಲಿಯ ಉಂಗುಟ ಕಡಿದು ಕಾಲಿಗೆ ಗಾಯವಾದದ್ದನ್ನು ನನಗೆ ಹೇಳಲಿಲ್ಲ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡಳು. ಪಕ್ಕದ ಮನೆಯವರು ಫೋನ್ ಮಾಡಿ, ನಿಮ್ಮಕ್ಕನ ಕಾಲು ನಾರುತೈತೆ ಮೇಷ್ಟ್ರೇ ಎಂದು ಹೇಳಿದಾಗಲೇ ನನಗೆ ತಿಳಿದದ್ದು.

ದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬಿಯಲ್ಲಿದ್ದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಇದನ್ನು ಎಲ್ಲಿಟ್ಟಿದ್ದಿರಿ ಎಂದು ನನ್ನನ್ನು ಕೇಳಿದರು, ಅವಳನ್ನಲ್ಲ. ಓದಿದವನ ಹಾಗೆ ಕಾಣುತ್ತಿದ್ದವನು ನಾನೇ. ಇಷ್ಟು ದಿನ ನೀರು ಚುಚ್ಚಿಕೊಂಡ ಹಾಗೆಯೇ ಆಗಿದೆ ಎಂದರು. ನಾಲ್ಕನೆಯ ದಿನ ಬಲಗಾಲಿನ ಪಾದ ತೆಗೆದರು.

ಅದರ ಮುಂದಿನ ಸೋಮವಾರ ನಾನು ಊರಿಗೆ ಹೋದೆ. ಗುಡಿ ಮುಂದೆ ನಿಂತು, ಎಲೆ ವಾಪಸ್ ಕೊಟ್ಟುಬಿಡಿ ಎಂದೆ. ಸುಂಕದ ಜಗಳ ಏನಾಯಿತು ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಬಂದು ನನ್ನ ಕೈಗೆ ಎಲೆ ಇಟ್ಟರು. ನನ್ನ ಜೊತೆ ಓದಿ ಎಸೆಸೆಲ್ಸಿಗೆ ಬಿಟ್ಟವನೊಬ್ಬ ಎಲೆ ಇಟ್ಟು, ತಗ್ಗಿದ ದನಿಯಲ್ಲಿ ಹೇಳಿದ.

"ಲೇ, ನಾವು ಹೊಸದುರ್ಗದ ಬಸ್‌ಸ್ಟ್ಯಾಂಡಿನಾಗೆ ದೀಪಾವಳಿಗೇ ಕುಡುದ್ವಿ. ಪೂರಾ ಮಾತು ಉಳಿಸ್ಕಂಡೋಳು ನಿಮ್ಮಕ್ಕ ಒಬ್ಬಳೇ."

ಯಜಮಾನರು ಅದನ್ನು ಕೇಳಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. ನನ್ನ ಕೈತುಂಬ ಎಲೆ ಉಳಿಯಿತು. ಅದನ್ನು ಏನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ. ಹಸುವಿಗೆ ಹಾಕಿದೆ. ಸಂಜೆ ಎರಡು ಹೊಸ ಎಲೆ ಕೊಂಡು ದುರ್ಗದ ಬಸ್ಸು ಹತ್ತಿದೆ.

ಅಕ್ಕ ವಾರ್ಡಿನಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಊರಿನವರೆಲ್ಲ ಬಿಡಿಸಿಕೊಂಡರು, ನೀನೂ ನನ್ನ ಕೈಗೆ ಇಟ್ಟುಬಿಡು ಎಂದು ಎಲೆ ಚಾಚಿದೆ. ದೀಪಾವಳಿಯ ವಿಷಯ ಹೇಳಲಿಲ್ಲ. ಅವಳು ಎಲೆಯನ್ನು ಮುಟ್ಟಲಿಲ್ಲ.

"ಇಲ್ಲಿ ಹೆಂಗೆ ಕೊಡಾಕೆ ಬರುತೈತೆ? ಗುಡಿ ಮುಂದೆ ನಿಂತು ತಗಂಡೀನಿ, ಅಲ್ಲೇ ನಿಂತು ಕೊಡಬೇಕು. ನಿಲ್ಲಾಕಾದ ಮ್ಯಾಲೆ ನೋಡಾನ ಬಿಡು."

ಹಾಗೆ ಹೇಳಿ ಹೊದಿಕೆಯ ಚಪ್ಪಟೆಯಾದ ಕಡೆ ನೋಡಿದಳು. ನಾನು ಎಲೆ ಜೇಬಿಗೆ ಹಾಕಿಕೊಂಡೆ. ಊರಿನ ಮನೆಗೆ ಫ್ರಿಡ್ಜ್ ತಂದಿದ್ದೇನೆ, ಕರೆಂಟಿನವನು ಬಂದು ಪ್ಲಗ್ ಹಾಕಿ ಹೋದ ಎಂದು ಹೇಳಿದೆ. ಅವಳು ಹೂಂ ಎಂದಳು.

ಅಷ್ಟರಲ್ಲಿ ನರ್ಸಮ್ಮ ಹೊಸದಾಗಿ ಬರೆದುಕೊಟ್ಟ ಇನ್ಸುಲಿನ್ನಿನ ಬಾಕ್ಸನ್ನು ಮಂಚದ ಮೇಲಿಟ್ಟು ಹೋದರು. ಅಕ್ಕ ಅದನ್ನು ಎತ್ತಿಕೊಂಡು, ಆಗಸ್ಟ್ ಹದಿನೈದಕ್ಕೆ ನಾನು ತೋರಿಸಿಕೊಟ್ಟಿದ್ದ ಹಾಗೆಯೇ, ಒಂದೊಂದೇ ಬದಿ ತಿರುಗಿಸಿ ನೋಡಿದಳು. ಎಲ್ಲ ಇಂಗ್ಲಿಷು. ನನ್ನ ಕಡೆ ಚಾಚಿದಳು.

"ಇದು ಯಾವ ದೇಶದ್ದು ನೋಡು ತಮ್ಮ. ಎಲೆ ಇನ್ನೂ ನನ್ನ ಕೈಯಾಗೇ ಐತೆ."

ಸಣ್ಣ ಅಕ್ಷರ. ಕಂಪನಿಯ ಹೆಸರಿನ ಕೆಳಗೆ ಊರು, ಊರಿನ ಕೆಳಗೆ ದೇಶ. ಮೂರು ಸಲ ಓದಿದೆ. ಅದೇ ದೇಶ. ಆಮೇಲೆ ಅವಳ ಸ್ಟೀಲ್ ಡಬ್ಬಿ ತೆರೆದು, ಇಷ್ಟು ವರ್ಷ ಅವಳು ಚುಚ್ಚಿಕೊಂಡ ಹಳೆಯ ಸೀಸೆಯ ಚೀಟಿಯನ್ನೂ ಓದಿದೆ. ಅದೂ ಅದೇ ಕಂಪನಿಯದು. ಊರಿಗೆಲ್ಲ ಓದುವುದನ್ನು ಕಲಿಸಿದ ನಾನು ಇದೊಂದನ್ನು ಯಾವತ್ತೂ ತಿರುಗಿಸಿ ನೋಡಿರಲಿಲ್ಲ.

"ನಮ್ದೇ ಅಕ್ಕ," ಎಂದೆ.

ಅವಳು ತೋಳು ಚಾಚಿದಳು.