ಮೂರನೇ ಸಾಲಿನ ಕ್ಯಾಸೆಟ್

ನಮ್ಮ ಮನೆಯ ಕುಕ್ಕರ್ ಯಾವತ್ತೂ ಪೂರ್ತಿಯಾಗಿ ಕೂಗಿದ್ದಿಲ್ಲ. ಅದು ಉಸಿರು ಬಿಗಿಹಿಡಿದು ಸ್ವರವೆತ್ತುವಷ್ಟರಲ್ಲಿ ನಾನು ಎಲ್ಲಿದ್ದರೂ ಓಡಿಬಂದು ಉರಿ ತಗ್ಗಿಸಿಬಿಡುತ್ತೇನೆ. ಪಾಪ, ಅರ್ಧ ಕೂಗಿ ನಾಚಿಕೊಂಡಂತೆ ಅದು ಸುಮ್ಮನಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೆಯೇ ಆಯಿತು. ನೆನೆಸಿಟ್ಟ ಅವರೆಕಾಳನ್ನು ಬೆರಳ ತುದಿಯಲ್ಲಿ ಹಿತುಕುತ್ತಾ ಕೂತಿದ್ದೆ, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಯಜಮಾನರು ಮುಳಬಾಗಿಲಿನ ನೆಂಟರ ಗೃಹಪ್ರವೇಶಕ್ಕೆಂದು ಇಸ್ತ್ರಿ ಅಂಗಿ ತೊಟ್ಟು ಪೇಪರಿನ ಕೊನೆಯ ಪುಟ ಮುಗಿಸುತ್ತಿದ್ದರು. ಕುಕ್ಕರ್ ಮೂತಿ ತೆರೆಯಿತು, ನಾನು ಎದ್ದು ಅದರ ಬಾಯಿ ಮುಚ್ಚಿಸಿ ಬಂದೆ. ಸದ್ದೆಂದರೆ ನನಗೆ ಆಗುವುದಿಲ್ಲವೆಂದು ಮನೆಯವರು ಹಾಸ್ಯ ಮಾಡುತ್ತಾರೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳಿಗೆ ಪಾಠಗಳೆಲ್ಲ ಮರೆತುಹೋಗಿ ಉಳಿದದ್ದು, ತುಟಿಯ ಮೇಲೆ ಬೆರಳಿಟ್ಟು ನಿಂತ ಸಿಸ್ಟರೊಬ್ಬರ ಚಿತ್ರ. ಅದರ ಜೊತೆಗೆ ಉಳಿದದ್ದು ನನ್ನ ದನಿ. ಮೊಮ್ಮಗಳಿರುವ ವಯಸ್ಸಿನಲ್ಲೂ ಫೋನು ಎತ್ತಿದರೆ, "ಅಮ್ಮ ಇದ್ದಾರೇನಮ್ಮಾ?" ಎಂದು ಕೇಳುವವರಿದ್ದಾರೆ.

ಅವರು ಬಸ್ಸಿಗೆ ಹೊರಟ ಮೇಲೆ ಫೋನು ಒಮ್ಮೆ ಕಿಣಿ ಎಂದಿತು. ಮಾಲೂರಿನ ಮುನಿರಾಜಣ್ಣನ ಸಂದೇಶ. ಆ ಸಂದೇಶ ನಿಮಗೆ ಅರ್ಥವಾಗಬೇಕಾದರೆ ನನ್ನ ಗುಂಡಿ ಡಬ್ಬದ ಕಥೆ ಹೇಳಬೇಕು.

ಎಲ್ಲರ ಮನೆಯಲ್ಲೂ ಇರುವಂಥದೇ ಡಬ್ಬ ಅದು. ಒಂದು ಕಾಲದಲ್ಲಿ ಬಿಸ್ಕತ್ತಿದ್ದು, ಈಗ ಗುಂಡಿ, ಹುಕ್ಕು, ಒಂಟಿ ಓಲೆ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಕೈಗಳಿರುವ ತಗಡಿನ ಡಬ್ಬ. ತವರಿನಿಂದ ನನ್ನ ಜೊತೆಗೇ ಬಂದದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ರವಿಕೆಯ ಹುಕ್ಕು ಹುಡುಕಲೆಂದು ಅದನ್ನು ಚಾಪೆಯ ಮೇಲೆ ಸುರಿದೆ. ತಳದಲ್ಲಿ ಹಳೆಯ ಕರವಸ್ತ್ರದಲ್ಲಿ ಸುತ್ತಿದ ಎರಡು ಕ್ಯಾಸೆಟ್ಟುಗಳು. ಮೇಲೆ ನನ್ನದೇ ದುಂಡನೆಯ ಇಂಗ್ಲಿಷ್ ಅಕ್ಷರ, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಅಚ್ಚುಕಟ್ಟು. ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿಗೆ ಅದರ ಫೋಟೋ ಹಾಕಿದೆ. ಎರಡೇ ದಿನದಲ್ಲಿ ಅದು ಯಾರಿಂದ ಯಾರಿಗೋ ಹೋಗಿ, ಎಪ್ಪತ್ತರ ಸಮೀಪದ ಗಿಟಾರು ವಾದಕರೊಬ್ಬರನ್ನು ಮುಟ್ಟಿತು.

ನಾವು ಹತ್ತನೇ ಕ್ಲಾಸಿನಲ್ಲಿದ್ದಾಗ ಕೋಲಾರದ ನಮ್ಮ ಶಾಲೆಯ ಹೊಸ ಕಟ್ಟಡದ ಸಹಾಯಾರ್ಥವಾಗಿ ಚಿನ್ನದ ಗಣಿಯ ಊರಿನಿಂದ ನಾಲ್ಕು ಹುಡುಗರ ರಾಕ್ ತಂಡವನ್ನು ಕರೆಸಿದ್ದರು. ಸಿಸ್ಟರುಗಳಿಗೆ ಅದು ರಾಕ್ ಎಂದು ಗೊತ್ತಿತ್ತೋ, ಇಂಗ್ಲಿಷ್ ಹಾಡೆಂದರೆ ಪ್ರಾರ್ಥನೆಗೀತೆಯ ದೂರದ ನೆಂಟ ಎಂದುಕೊಂಡಿದ್ದರೋ, ನಾನರಿಯೆ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಕಾರ್ಯಕ್ರಮ ಹಗಲು ನಾಲ್ಕು ಗಂಟೆಗೇ ಶುರು. ಮೊದಲ ಸಾಲಿನಲ್ಲಿ ಬಿಳಿ ಬಟ್ಟೆಯ ಸಿಸ್ಟರುಗಳು ಮಡಿಲಲ್ಲಿ ಕೈಕಟ್ಟಿ ಕೂತಿದ್ದಾರೆ. ಅವರೆದುರಿಗೆ ಭುಜದವರೆಗೆ ಕೂದಲು ಬಿಟ್ಟ ಹುಡುಗರು ಸುಡುಬಿಸಿಲಿನಲ್ಲಿ ಮೈಮೇಲೆ ದೇವರು ಬಂದವರಂತೆ ಕುಣಿಯುತ್ತಿದ್ದಾರೆ. ಸಿಸ್ಟರುಗಳಿಗೆಲ್ಲ ಹಿರಿಯರಾದ, ಕಾಯಿಲೆಯಲ್ಲಿದ್ದ ಮದರ್ ಮಲಗಿದ್ದಲ್ಲೇ ಕೇಳಲೆಂದು ರೆಕಾರ್ಡಿಂಗಿನ ಜವಾಬ್ದಾರಿಯನ್ನು ಕ್ಲಾಸ್ ಲೀಡರಾದ ನನಗೆ ವಹಿಸಿದ್ದರು. ಚಿಕ್ಕಪ್ಪ ದುಬೈಯಿಂದ ತಂದ ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಮೂರನೇ ಸಾಲಿನಲ್ಲಿ ನಾನು ಕೂತಿದ್ದೆ. ಪಕ್ಕದಲ್ಲಿ ಅನಸೂಯ.

ಅನಸೂಯ ಶ್ರೀನಿವಾಸಪುರದ ಕಡೆಯವಳು, ಮಾವಿನ ತೋಪಿನವರ ಮಗಳು, ಹಾಸ್ಟೆಲಿನಲ್ಲಿದ್ದಳು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವಳು. ಶಾಲೆಯಲ್ಲಿ ಎರಡೂ ನಿಷಿದ್ಧವಾದ್ದರಿಂದ ಅವಳ ಮಾತೆಲ್ಲ ನನ್ನ ಕಿವಿಯ ಹತ್ತಿರ, ಪಿಸುಮಾತಾಗಿಯೇ ನಡೆಯಬೇಕಾಗಿತ್ತು. ಅಷ್ಟು ಮಾತಿನವಳು, ಆ ಕಾರ್ಯಕ್ರಮದ ಮರುದಿನ, ಪರೀಕ್ಷೆಗೆ ಇನ್ನೇನು ಒಂದು ತಿಂಗಳಿರುವಾಗ, ನನಗೆ ಒಂದೇ ಒಂದು ಮಾತೂ ಹೇಳದೆ ಶಾಲೆ ಬಿಟ್ಟುಹೋದಳು. ಹಾಗೆಂದೇ ನಾನು ಇವತ್ತಿನ ಬೆಳಗಿನವರೆಗೆ ನಂಬಿದ್ದೆ.

ನನ್ನ ಫೋಟೋ ಮುಟ್ಟಿದ ಗಿಟಾರಿನವರು ಆ ನಾಲ್ವರಲ್ಲಿ ಒಬ್ಬರು. ಅವರ ತಂಡದ ಬೇರೆ ರೆಕಾರ್ಡಿಂಗು ಎಲ್ಲೂ ಉಳಿದಿಲ್ಲವಂತೆ. ಅವರೇ ಮುನಿರಾಜಣ್ಣನ ಹೆಸರು ಹೇಳಿದರು. ರೇಡಿಯೋ ರಿಪೇರಿಯಿಂದ ಶುರುಮಾಡಿ ಸ್ಟುಡಿಯೋಗಳಲ್ಲಿ ದುಡಿದು, ಈಗ ಮಾಲೂರಿನ ಮನೆಯಲ್ಲಿ ಹಳೆಯ ಟೇಪುಗಳಿಗೆ ಜೀವ ಕೊಡುವ ಕೆಲಸ ಅವರದು. ನಾನು ಒಯ್ದುಕೊಟ್ಟ ಕ್ಯಾಸೆಟ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ಒಳಗೆ ಟೇಪನ್ನು ಒತ್ತಿಹಿಡಿಯುವ ಪುಟ್ಟ ಮೆತ್ತೆ ಉದುರಿಹೋಗಿತ್ತು. ಹೊಸ ಕ್ಯಾಸೆಟ್ಟಿನ ಹೊಟ್ಟೆ ಬಿಚ್ಚಿ, ಹಳೆಯ ಟೇಪಿನ ಸುರುಳಿಗಳನ್ನು ಅದರೊಳಗೆ ಇಳಿಸಿ, ಸೂಜಿಯಂಥ ಸ್ಕ್ರೂಡ್ರೈವರಿನಲ್ಲಿ ಪ್ಲೇಯರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಮುಸುಕು ಹೊದ್ದಂತಿದ್ದ ಸದ್ದು ಬಿಡಿಸಿಕೊಳ್ಳುವವರೆಗೂ ಕಣ್ಣುಮುಚ್ಚಿ ಕೇಳಿದರು. ಗಿಟಾರು ಒಮ್ಮೆಲೇ ಎದ್ದು ಬಂದಾಗ ನನಗೆ ಆ ಬಿಸಿಲಿನ ವಾಸನೆಯೇ ಬಂದಂತಾಯಿತು.

ಆದರೆ ಕೊನೆಯ ಕಾಲು ಗಂಟೆ ಮಾತ್ರ ಹಾಡೂ ಮಾತೂ ಒಂದಾಗಿ ಚಿಲಿಪಿಲಿ. "ಬ್ಯಾಟ್ರಿ ಇಳ್ದೋಗಿ ಟೇಪು ನಿಧಾನಕ್ಕೆ ಓಡ್ಕಂಡು ಸದ್ದ ತುಂಬ್ಕಂಡ್ಬುಟ್ಟಿದೆ ಕಣಮ್ಮಾ," ಎಂದರು. "ಈಗ ಸರಿ ಸ್ಪೀಡಲ್ಲಿ ಹಾಕಿದ್ರೆ ಕೋಳಿಮರಿ ಥರ ಕಿಚಕಿಚ ಅನ್ನುತ್ತೆ. ಎಷ್ಟು ಇಳ್ದಿತ್ತು ಅಂತ ಗೊತ್ತಾಗೋದು ಹೆಂಗೆ?" ಆಮೇಲೆ ತಲೆ ಓರೆಮಾಡಿ, "ಇಲ್ಲೊಂದು ಗಂಟೆ ಹೊಡೀತದಲ್ಲ, ಅದೇನು?" ಎಂದು ಕೇಳಿದರು. ನಮ್ಮ ಶಾಲೆಯ ಚಾಪೆಲಿನ ಸಂಜೆ ಆರರ ಪ್ರಾರ್ಥನೆಯ ಗಂಟೆ ಅದು. "ಅದೇ ಗಂಟೆ ಈಗ್ಲೂ ಐತಾ? ಹಂಗಾದ್ರೆ ಫೋನಲ್ಲಿ ಹಿಡ್ಕಂಡು ಕಳ್ಸಿ. ಮನುಷ್ಯನ ದನಿ ಒಡೀತದೆ, ಗಂಟೆಗೆ ವಯಸ್ಸಾಗಲ್ಲ. ಅದ್ರ ಸ್ವರಕ್ಕೆ ಟೇಪ್ನ ಕೂರ್ಸಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗ್ತದೆ."

ಹೋದ ವಾರ ನಾನು ಶಾಲೆಯ ಗೇಟಿನ ಬಳಿ ನಿಂತು, ಕಾವಲುಗಾರನ ಅನುಮಾನದ ನೋಟವನ್ನು ಸಹಿಸಿಕೊಂಡು, ಆರರ ಗಂಟೆಯನ್ನು ಫೋನಿನಲ್ಲಿ ಹಿಡಿದು ಕಳಿಸಿದೆ. ಜೊತೆಗೆ ಒಂದು ಕೋರಿಕೆಯನ್ನೂ ಕಳಿಸಿದೆ. ಹಾಡುಗಳ ನಡುವೆ ಹುಡುಗಿಯರ ಗುಸುಗುಸು, ಅದರ ಮೇಲೆ ನನ್ನ 'ಶ್!' ಎಲ್ಲವೂ ಕೇಳುತ್ತಿತ್ತಲ್ಲ, ಗಿಟಾರಿನವರು ಕೇಳಿದರೆ ನಾಚಿಕೆಗೇಡು, ನಮ್ಮ ಮಾತನ್ನೆಲ್ಲ ದಯವಿಟ್ಟು ತೆಗೆದುಬಿಡಿ ಎಂದಿದ್ದೆ.

ಇವತ್ತು ಬಂದ ಸಂದೇಶದಲ್ಲಿ ಒಂದು ಧ್ವನಿಯ ಫೈಲು, ಅದರ ಕೆಳಗೆ ಮುನಿರಾಜಣ್ಣನ ದನಿ: "ಅಮ್ಮಾ, ತೆಗೆಯೋಕ್ ಮುಂಚೆ ಆ ಗಂಟೆ ಹೊಡೆಯೋ ಜಾಗ ಒಂದ್ಸಲ ಕೇಳ್ಬುಡಿ. ಆಮೇಲೆ ನೀವು ಹೇಳ್ದಂಗೆ."

ಅವರೆಬೇಳೆಯ ಕೈ ಒರೆಸಿಕೊಂಡು, ಮೊಮ್ಮಗಳು ಬಿಟ್ಟುಹೋದ ಸಣ್ಣ ಸ್ಪೀಕರಿಗೆ ಜೋಡಿಸಿ ಕೇಳಿದೆ. ಹಾಡು ನಡೆಯುತ್ತಿದೆ. ಗಂಟೆಯ ಮೊದಲ ಪೆಟ್ಟು. ಪುಣ್ಯಾತ್ಮರು, ಆ ಹುಡುಗರು ನಡುವೆಯೇ ಬಾರಿಸುವುದನ್ನು ನಿಲ್ಲಿಸುತ್ತಾರೆ. ಸಿಸ್ಟರುಗಳು ಎದ್ದು ನಿಲ್ಲುವಾಗ ಕುರ್ಚಿಗಳು ಕಿರುಗುಟ್ಟುತ್ತವೆ. ಎರಡು ಗಂಟೆ ಕಾಲ ನನ್ನಿಂದ ಬಾಯಿ ಮುಚ್ಚಿಸಿಕೊಂಡು ಕೂತಿದ್ದವಳು ಆ ಮೌನಕ್ಕಾಗಿಯೇ ಕಾದಿದ್ದಳೇನೋ. ಕೋಳಿಮರಿಯ ಕಿಚಕಿಚ ಕರಗಿ, ಹದಿನಾರು ವರ್ಷದ ಅನಸೂಯಳ ಸ್ವಂತ ದನಿ ನನ್ನ ಅಡುಗೆಮನೆಗೆ ಬಂತು.

"ವಸೂ, ನಾಳೆಯಿಂದ ನಾನು ಬರಲ್ಲ ಕಣೇ. ಟ್ರಂಕ್ ತಗೊಂಡೋಗೋಕೆ ನಮ್ಮಪ್ಪ ಬಂದವ್ರೆ. ಮಾವನ ಜೊತೆ ಮದ್ವೆ ಅಂತೆ, ಪರೀಕ್ಷೆಗೂ ಕಳ್ಸಲ್ವಂತೆ. ನೀನು ಹೇಳಿದ್ರೆ ಸಿಸ್ಟರ್ ಕೇಳ್ತಾರೆ, ನಮ್ಮಪ್ಪನ್ ಹತ್ರ ಮಾತಾಡ್ತಾರೆ. ಒಂದ್ ಮಾತು ಹೇಳೇ. ಒಕ್ಕ ಮಾಟ ಚೆಪ್ಪವೇ..."

ಅಳು ಬಂದರೆ ಅವಳ ನಾಲಗೆ ತಾನಾಗಿ ತೆಲುಗಿಗೆ ತಿರುಗುತ್ತಿತ್ತು. ಅದೇ ಒಂದು ಮಾತನ್ನು ಎರಡು ಭಾಷೆಯಲ್ಲಿ ಬೇಡಿದ್ದಾಳೆ. ಅದರ ಮೇಲೆ, ಟೇಪಿಗೆ ಹತ್ತಿರವಿದ್ದುದರಿಂದ ಎಲ್ಲಕ್ಕಿಂತ ಸ್ಪಷ್ಟವಾಗಿ, ನಾನು: "ಶ್! ಸುಮ್ನಿರೇ, ರೆಕಾರ್ಡ್ ಆಗ್ತಿದೆ. ಸುಮ್ನಿರೇ ಅಂದ್ನಲ್ಲ!" ಗಂಟೆ ಮುಗಿಯುತ್ತದೆ. ಹಾಡು ಬಿಟ್ಟಲ್ಲಿಂದಲೇ ಎದ್ದುಕೊಳ್ಳುತ್ತದೆ. ಆಮೇಲೆ ಅವಳ ಮಾತಿಲ್ಲ. ಹಾಡು ಮುಗಿದಾಗ ನನ್ನ ಪಕ್ಕದಿಂದ ಚಪ್ಪಾಳೆ ಮಾತ್ರ ಇದೆ, ಎಲ್ಲರೂ ನಿಲ್ಲಿಸಿದ ಮೇಲೂ ನಾಲ್ಕು ಸಲ ಹೆಚ್ಚು.

ಕೇಳಿಸಿಕೊಂಡಿದ್ದೆನೇ? ಎಷ್ಟು ಕೆದಕಿದರೂ ನೆನಪಾಗುತ್ತಿಲ್ಲ. ನೆನಪಿರುವುದು ಟೇಪಿನ ಪುಟ್ಟ ಕೆಂಪು ದೀಪ, ಅದು ಮಂಕಾಗುತ್ತಿದೆಯಲ್ಲ ಎಂಬ ಗಾಬರಿ. ಮದರ್ ಆ ಕ್ಯಾಸೆಟ್ಟುಗಳನ್ನು ಕೇಳಿದರೋ ಇಲ್ಲವೋ, ವಾರದೊಳಗೆ ಅವು 'ಗುಡ್ ಗರ್ಲ್' ಎಂಬ ಚೀಟಿಯೊಂದಿಗೆ ವಾಪಸು ಬಂದವು. ಅಷ್ಟರಲ್ಲಿ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಒಮ್ಮೆಯೂ ಹಾಕಿ ಕೇಳದೆ ಕರವಸ್ತ್ರದಲ್ಲಿ ಸುತ್ತಿ ಡಬ್ಬದ ತಳಕ್ಕೆ ಎಸೆದೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಅವಳ ಮದುವೆಯ ಕಾಗದ ಬಂದಾಗಲೂ ಸಿಟ್ಟು ಇಳಿದಿರಲಿಲ್ಲ. ಹೋಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ಕುರುಡುಮಲೆಯಲ್ಲಿ ಸಿಕ್ಕಿದ್ದಳು. ಗಣಪತಿಯ ಮುಂದೆ ಮಂಗಳಾರತಿಗೆ ಕೈಚಾಚುವಾಗ ಯಾರೋ ನನ್ನ ಜಡೆ ಎಳೆದರು. ತಿರುಗಿದರೆ ದಪ್ಪಗಾಗಿ, ಬಾಯ್ತುಂಬ ಎಲೆಯಡಿಕೆ ತುಂಬಿಕೊಂಡು, ಕಣ್ಣಲ್ಲೇ ನಗುತ್ತಿರುವ ಅನಸೂಯ. "ಏನೇ ಕಾನ್ವೆಂಟು, ಇಲ್ಲಾದ್ರೂ ಮಾತಾಡ್ಬೋದಾ?" ಎಂದಳು. ನಾನು ನಗಲಿಲ್ಲ. ಎಷ್ಟೋ ಕಾಲದಿಂದ ಕೂಡಿಟ್ಟ ಪ್ರಶ್ನೆಯನ್ನೇ ಎತ್ತಿಕೊಂಡೆ: "ಹೋಗೋವಾಗ ನಂಗೊಂದ್ ಮಾತು ಹೇಳಬಾರ್ದಿತ್ತೇನೇ?" ಅವಳ ನಗು ಅರ್ಧಕ್ಕೆ ನಿಂತಿತು. "ಹೇಳಿದ್ನಲ್ಲೇ," ಎಂದಳು, ಬಹಳ ಮೆಲ್ಲಗೆ. ದೇವರ ಮುಂದೆ ನಿಂತು ಎಂಥ ಸುಳ್ಳು ಹೇಳುತ್ತಾಳೆ ಎಂದು ನಾನು ಸೆರಗು ಸರಿಮಾಡಿಕೊಂಡು ಹೊರಟುಬಂದೆ. ಹೋದ ವರ್ಷ ಗುಂಪಿನಲ್ಲಿ ಅವಳ ಫೋಟೋ ಬಂತು, ಹಾರ ಹಾಕಿದ್ದರು, ಕೆಳಗೆ 'ಓಂ ಶಾಂತಿ' ಎಂದಿತ್ತು. ಎಲ್ಲರಂತೆ ನಾನೂ ಕೈಮುಗಿದ ಚಿತ್ರವೊಂದನ್ನು ಒತ್ತಿ ಕಳಿಸಿ, ಒಲೆಯ ಕಡೆ ಹೋದೆ.

ನಾನು ಹೇಳಿದ್ದರೆ ಸಿಸ್ಟರ್ ಕೇಳುತ್ತಿದ್ದರೇ? ಸಿಸ್ಟರ್ ಹೇಳಿದ್ದರೆ ಅವಳಪ್ಪ ಕೇಳುತ್ತಿದ್ದರೇ? ಗೊತ್ತಿಲ್ಲ. ಅವಳು ಸುಖವಾಗಿಯೇ ಬಾಳಿದ್ದಿರಬಹುದು. ಆ ಕಣ್ಣಿನ ನಗು ಸುಳ್ಳಿನದಾಗಿರಲಿಲ್ಲ. ಆದರೆ ಅವಳು ಕೇಳಿದ್ದು ಬಾಳನ್ನಲ್ಲವಲ್ಲ, ಒಂದು ಮಾತನ್ನು. ಅದು ನನ್ನ ಕೈಯಲ್ಲಿತ್ತು.

ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ಹಾಡುವವರು ಎಲ್ಲಿ ನಿಂತಿದ್ದರೆಂದು ತಿಳಿಯುತ್ತದೆ. ಸಭೆಯ ನಡುವೆ ಕೂತು ಮಾಡಿದ ರೆಕಾರ್ಡಿಂಗಿನಲ್ಲಿ ನಾವು ಎಲ್ಲಿ ಕೂತಿದ್ದೆವೆಂದು ತಿಳಿಯುತ್ತದೆ. ಅಲ್ಲಿ ವೇದಿಕೆ ದೂರ, ಪಕ್ಕದವರು ಹತ್ತಿರ. ಯಾರದೋ ಕೆಮ್ಮು, ಕಡಲೆಕಾಯಿಗೆ ಹಟ ಹಿಡಿದ ಮಗು, ಸಿಸ್ಟರ್ ಕೈಯ ಜಪಮಾಲೆಯ ಸಣ್ಣ ಟಿಕಟಿಕ, ಇವೆಲ್ಲ ಗಿಟಾರಿಗಿಂತ ಹತ್ತಿರದಲ್ಲಿವೆ. ಬೆಳಿಗ್ಗೆ ನಾನು ಅವರೆಕಾಳು ಹಿತುಕುವಾಗ ಸಿಪ್ಪೆಯೆಂದು ಎಸೆಯುವುದು ಯಾವುದು, ಬೇಳೆಯೆಂದು ಉಳಿಸಿಕೊಳ್ಳುವುದು ಯಾವುದು ಎಂಬುದರಲ್ಲಿ ಕೈ ತಪ್ಪುವುದಿಲ್ಲ. ಬದುಕಿನ ಈ ಒಂದು ಬೊಗಸೆಯಲ್ಲಿ ಮಾತ್ರ ಎರಡು ಸಲ ತಪ್ಪಿತು. ಆವತ್ತು ಮೂರನೇ ಸಾಲಿನಲ್ಲಿ ಅವಳ ಬಾಯಿ ಮುಚ್ಚಿಸಿದೆ. ಹೋದ ವಾರ, ಉಳಿದಿದ್ದ ಆ ಇಷ್ಟೇ ಇಷ್ಟು ದನಿಯನ್ನೂ ಅಳಿಸಿಬಿಡಿ ಎಂದು ನಾನೇ ಬರೆದು ಕಳಿಸಿದೆ.

ಮುನಿರಾಜಣ್ಣನಿಗೆ ಫೋನು ಮಾಡಿದೆ. "ತೆಗೀಬೇಡಿ," ಎಂದೆ. ಅವರು, "ಗಿಟಾರ್‌ನೋರಿಗೆ ಬರೀ ಹಾಡಿಂದು ಬೇರೆ ಮಾಡ್ಕೊಡ್ತೀನಿ ಬಿಡಿ. ನಿಮ್ದು ನಿಮ್ಗಿರ್ಲಿ," ಎಂದರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, "ಆ ಮಗು ಆಮೇಲೆ ಪರೀಕ್ಷೆ ಕಟ್ತಾಮ್ಮಾ?" ಎಂದರು. ನಾನು ಇಲ್ಲವೆಂದೆ. ಮಧ್ಯಾಹ್ನವೆಲ್ಲ ಮನೆಯಲ್ಲಿ ಒಬ್ಬಳೇ. ಆ ಜಾಗವನ್ನು ಎಷ್ಟು ಸಲ ಹಾಕಿ ಕೇಳಿದೆನೋ. ಪ್ರತಿ ಸಲವೂ ಆ ಹುಡುಗಿ ಈ ಸಲವಾದರೂ 'ಶ್' ಎನ್ನದಿರಲಿ ಎಂದು ಮೂರ್ಖಳ ಹಾಗೆ ಕಾದೆ.

ಸಂಜೆ ಹಿತುಕಿದಬೇಳೆ ಸಾರಿಗೆಂದು ಕುಕ್ಕರ್ ಇಟ್ಟೆ. ಅದು ಉಸಿರು ಬಿಗಿಹಿಡಿಯಿತು, ಸ್ವರವೆತ್ತಿತು. ನಾನು ಎದ್ದಿದ್ದವಳು ಹಾಗೇ ನಿಂತೆ. ಕೂಗಿತು ನೋಡಿ, ಮನೆ ಕಟ್ಟಿದಾಗಿನಿಂದ ಮೊದಲ ಬಾರಿಗೆ, ಹೊಟ್ಟೆಯೊಳಗಿನದೆಲ್ಲ ಹೊರಗೆ ಬರುವ ಹಾಗೆ. ಆ ಕೂಗಿನ ಬಾಲ ಹಿಡಿದೇ ಪಕ್ಕದ ಮನೆಯ ರತ್ನಮ್ಮ ಒಳಗೆ ಬಂದರು. ಮೊನ್ನೆ ದೋಸೆಹಿಟ್ಟು ಕೊಟ್ಟಿದ್ದ ಡಬ್ಬಿಯನ್ನು ವಾಪಸು ತಂದಿದ್ದರು. ಖಾಲಿ ಕೊಡಬಾರದೆಂದು ಅದರಲ್ಲಿ ನಾಲ್ಕು ಸೀಬೆಹಣ್ಣು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಬಾಗಿಲ ಕಡೆ ತಿರುಗುತ್ತಾ, ಏನೋ ನೆನಪಾದವರಂತೆ ಅಂದರು:

"ಮಧ್ಯಾಹ್ನ ಮೊಮ್ಮಗಳು ಬಂದಿತ್ತೇನ್ರೀ? ಗೋಡೆ ಆಚೆ ನಿಮ್ ದನಿ ಕೇಳ್ತಾನೇ ಇತ್ತು, 'ಸುಮ್ನಿರೇ, ಸುಮ್ನಿರೇ' ಅಂತ. ಪಾಪ, ಏನೋ ಹೇಳ್ಕೊಳಾಕ್ ಬಂದಿತ್ತೇನೋ ಆ ಕೂಸು. ಒಂದ್ ಗಳಿಗೆ ಕೇಳಿದ್ರೆ ಏನ್ರೀ ಹೋಗ್ತಿತ್ತು?"